ಒಂದು ದಫ್ತರ, ಹಲವು ಕೈಗಳು

ಜೂನ್ ತಿಂಗಳು ಬಂತೆಂದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟ ಭಾಗದ ಪ್ರೌಢಶಾಲೆಗಳ ಕಚೇರಿಯ ಮುಂದೆ ಪಾಲಕರ ಸಾಲು ನಿಲ್ಲುತ್ತದೆ. ಮಗುವನ್ನು ಹೊಸದಾಗಿ ಸೇರಿಸಲು ಬಂದವರು ಕೆಲವರು. ಹತ್ತನೆಯ ಇಯತ್ತೆ ಮುಗಿಸಿದ ಮಗನ ಇಲ್ಲವೆ ಮಗಳ ಶಾಲೆ ಬಿಟ್ಟ ದಾಖಲೆಯನ್ನು ಒಯ್ಯಲು ಬಂದವರು ಕೆಲವರು. ಕಿಟಕಿಯ ಆಚೆ ಎರಡೋ ಮೂರೋ ಗಣಕಯಂತ್ರಗಳು ಕಾಣುತ್ತವೆ. "ಭಾವುಸಾಹೇಬ್ರ, ಎಲ್ಲಾ ಕಂಪ್ಯೂಟರದಾಗ ಐತಿ ಅಂತೀರಿ, ಮತ್ತ ಇಷ್ಟೊತ್ತು ಯಾಕ್ರಿ?" ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡಬೇಕಾದರೆ, ಆ ಎರಡು ಮೂರು ಯಂತ್ರಗಳು ಒಂದೇ ದಫ್ತರವನ್ನು ಹೇಗೆ ಹಂಚಿಕೊಂಡಿವೆ ಎಂಬುದನ್ನು ತಿಳಿಯಬೇಕು.

ಕನ್ನಡ ಕಲಿಸುವ ನಮಗೆ ಗಣಕಯಂತ್ರದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಶಾಲೆಯ ದಫ್ತರವೆಂದರೆ ಮೊದಲು ಹೆಸರುಗಳ ಪುಸ್ತಕ; ಹೆಸರನ್ನು ತಪ್ಪಿಲ್ಲದೆ ಬರೆಯುವುದು ಭಾಷೆ ಕಲಿಸುವವರ ಕೆಲಸವೇ ಆಗಿದೆ. ಅಲ್ಲದೆ ಯಂತ್ರದೊಳಗಿನ ದಫ್ತರ ಹೇಗೆ ನಡೆಯುತ್ತದೆಂಬುದು ಕೆಲವರ ಗುಟ್ಟಾಗಿಯೇ ಉಳಿಯಬೇಕಾದ ವಿಷಯವಲ್ಲ.

ಪ್ರತಿ ಶಾಲೆಯಲ್ಲಿಯೂ ಜನರಲ್ ರಜಿಸ್ಟರ್ ಎಂಬ ದೊಡ್ಡ ಪುಸ್ತಕವಿದೆ. ಸೇರಿದ ಪ್ರತಿಯೊಂದು ಮಗುವಿಗೂ ಅದರಲ್ಲಿ ಒಂದು ಸಂಖ್ಯೆ, ಒಂದು ಸಾಲು. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಅಡ್ಡಹೆಸರು, ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಜನ್ಮತಾರೀಖು, ಹುಟ್ಟಿದ ಊರು, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ ಎಲ್ಲವೂ ಆ ಒಂದು ಸಾಲಿನಲ್ಲಿ ಇರುತ್ತವೆ. ಶಾಲೆ ಬಿಟ್ಟ ದಾಖಲೆಯೆಂದರೆ ಆ ಸಾಲಿನ ನಕಲೇ ಹೊರತು ಬೇರೇನೂ ಅಲ್ಲ. ಮುಂದೆ ಜಾತಿಯ ಪ್ರಮಾಣಪತ್ರಕ್ಕೆ, ನೌಕರಿಗೆ, ಪಾಸ್‌ಪೋರ್ಟಿಗೆ ಜನ ತೆಗೆದು ತೋರಿಸುವುದು ಇದನ್ನೇ. ಮಗು ಶಾಲೆ ಬಿಟ್ಟ ಮೇಲೆ ಅದರಲ್ಲಿ ಒಂದು ಅಕ್ಷರ ತಿದ್ದಿಸಬೇಕಾದರೂ ಪುರಾವೆಗಳನ್ನು ಕಟ್ಟಿಕೊಂಡು ಅಲೆದಾಡಬೇಕಾಗುತ್ತದೆ. ಆದುದರಿಂದ ಈ ಸಾಲು ಎಲ್ಲಿ ಇದೆ, ಅದನ್ನು ಯಾರು ಯಾವಾಗ ಮುಟ್ಟುತ್ತಾರೆ ಎಂಬುದು ಸಣ್ಣ ಮಾತಲ್ಲ.

ಈ ಪುಸ್ತಕವನ್ನೇ ಗಣಕಯಂತ್ರದೊಳಗೆ ಇಟ್ಟರೆ ಅದಕ್ಕೆ ಡೇಟಾಬೇಸ್ ಎನ್ನುತ್ತಾರೆ. ಪುಸ್ತಕದ ಪುಟಕ್ಕೆ ಅಲ್ಲಿ ಕೋಷ್ಟಕವೆಂದು ಹೆಸರು. ಅಡ್ಡಸಾಲು ಒಬ್ಬ ವಿದ್ಯಾರ್ಥಿಯದು, ಉದ್ದಸಾಲು ಒಂದು ಸಂಗತಿಯದು. ಮೇಜಿನ ಮೇಲಿನ ಚಿಕ್ಕ ಯಂತ್ರದಲ್ಲಿಯೇ ಈ ಕೆಲಸ ಮಾಡುವ ತಂತ್ರಾಂಶಗಳು 1980ರ ದಶಕದಲ್ಲಿ ಬೆಳೆದವು. ಆ ದಶಕದಲ್ಲಿ ಡಿಬೇಸ್ ಪ್ರಸಿದ್ಧವಾಗಿತ್ತು. ಆಮೇಲೆ ಬಂದ ಫಾಕ್ಸ್‌ಪ್ರೊ ನಮ್ಮ ದೇಶದಲ್ಲಿ ಬಹಳ ಹರಡಿತು; 1990ರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದ ಅನೇಕ ಪಾಲಕರಿಗೆ ಆ ಹೆಸರು ನೆನಪಿದ್ದೀತು. ಮೈಕ್ರೊಸಾಫ್ಟ್ ಕಂಪನಿಯ ಆಕ್ಸೆಸ್ ಎಂಬುದು 1992ರಲ್ಲಿ ಹೊರಬಂದಿತು. ಫಾಕ್ಸ್‌ಪ್ರೊವಿನ ತಯಾರಿಕೆ ನಿಂತುಹೋಗಿದೆ. ಆಕ್ಸೆಸ್ ಇಂದಿಗೂ ಚಿಕ್ಕ ಕಚೇರಿಗಳಲ್ಲಿ ಬಳಕೆಯಲ್ಲಿದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸಂಗತಿಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆದಿಡುವ ಉಪಾಯ ಸೊಲ್ಲಾಪುರದವರಿಗೆ ಹೊಸದಲ್ಲ. ಚಾದರ ನೇಯುವ ಜಕಾರ್ಡ್ ಮಗ್ಗದ ಮೇಲೆ ತೂತುಗಳಿರುವ ರಟ್ಟಿನ ಸರಪಳಿ ತಿರುಗುವುದನ್ನು ಎಷ್ಟೋ ಹುಡುಗರು ಕಂಡಿದ್ದಾರೆ. ಯಾವ ನೂಲು ಮೇಲೇಳಬೇಕೆಂಬುದನ್ನು ಆ ತೂತುಗಳೇ ಹೇಳುತ್ತವೆ. ಅಂಥದೇ ತೂತಿನ ಪತ್ರಗಳಿಂದ ಹರ್ಮನ್ ಹೊಲೆರಿತ್ ಎಂಬಾತನ ಯಂತ್ರಗಳು 1890ರ ಅಮೆರಿಕದ ಜನಗಣತಿಯನ್ನು ಎಣಿಸಿದವು. ಅಲ್ಲಿಯೂ ಒಂದು ಪತ್ರಕ್ಕೆ ಒಬ್ಬ ಮನುಷ್ಯ.

ಇನ್ನು ವಿಷಯಕ್ಕೆ ಬರೋಣ. ಒಂದು ಯಂತ್ರ, ಒಬ್ಬ ಕಾರಕೂನ ಇರುವವರೆಗೆ ತೊಂದರೆಯೇ ಇಲ್ಲ. ಪುಸ್ತಕವೂ ಅಲ್ಲೇ, ಬರೆಯುವ ಕೈಯೂ ಅಲ್ಲೇ. ಅಕ್ಕಲಕೋಟದ ಒಂದು ಪ್ರೌಢಶಾಲೆಗೆ ಎರಡನೆಯ ಯಂತ್ರ ಬಂತೆಂದು ಊಹಿಸಿಕೊಳ್ಳೋಣ. ಒಬ್ಬರು ಹೊಸ ಹೆಸರು ದಾಖಲು ಮಾಡಬೇಕು, ಇನ್ನೊಬ್ಬರು ದಾಖಲೆ ಕೊಡಬೇಕು, ಮುಖ್ಯಾಧ್ಯಾಪಕರ ಕೋಣೆಯಲ್ಲಿ ಕುಳಿತು ಅವರೂ ನೋಡಬೇಕು. ಮೂರು ಯಂತ್ರಗಳಿಂದಲೂ ತಂತಿ ಎಳೆದು ಸ್ವಿಚ್ ಎಂಬ ಚಿಕ್ಕ ಪೆಟ್ಟಿಗೆಗೆ ಜೋಡಿಸುತ್ತಾರೆ. ಒಂದೇ ಕಟ್ಟಡದೊಳಗಿನ ಇಂಥ ಜೋಡಣೆಗೆ ಲ್ಯಾನ್ ಎಂದು ಹೆಸರು. ತಂತಿಯಲ್ಲಿ ಸಂದೇಶ ಸಾಗುವ ಈಥರ್‌ನೆಟ್ ಎಂಬ ಕ್ರಮವನ್ನು ರಾಬರ್ಟ್ ಮೆಟ್ಕಾಫ್ ಮತ್ತು ಸಂಗಡಿಗರು 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಹುಟ್ಟುಹಾಕಿದರು. ಬಳಿಕ ಒಂದು ಯಂತ್ರದೊಳಗಿನ ದಫ್ತರದ ಫೈಲನ್ನು ಉಳಿದವರೂ ತೆರೆಯಬಹುದೆಂದು ಅನುಮತಿ ಕೊಡುತ್ತಾರೆ. ಅರ್ಧ ದಿನದ ಕೆಲಸ. ಎಲ್ಲರೂ ಸಂತೋಷಪಡುತ್ತಾರೆ.

ಆದರೆ ಈಗ ಕೇಳಬೇಕಾದ ಪ್ರಶ್ನೆ ಒಂದೇ: ದಫ್ತರದಲ್ಲಿ ಹುಡುಕುವ, ಬರೆಯುವ ಕೆಲಸವನ್ನು ಯಾವ ಯಂತ್ರ ಮಾಡುತ್ತದೆ? ಫೈಲು ಇರುವ ಯಂತ್ರವೇ ಮಾಡುತ್ತದೆಂದು ಬಹುಮಂದಿ ತಿಳಿಯುತ್ತಾರೆ. ಹಾಗಿಲ್ಲ. ಡಿಬೇಸ್, ಫಾಕ್ಸ್‌ಪ್ರೊ, ಆಕ್ಸೆಸ್ ಇವುಗಳಲ್ಲಿ ಫೈಲು ಇರುವ ಯಂತ್ರ ಬರಿಯ ಕಪಾಟು. "ಇಂತಿಷ್ಟನೆಯ ಪುಟ ಕೊಡು" ಎಂದರೆ ಕೊಡುತ್ತದೆ, "ಇದನ್ನು ಇಡು" ಎಂದರೆ ಇಡುತ್ತದೆ. ಪುಟದಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಓದುವ, ಹುಡುಕುವ, ತಿದ್ದುವ ಬುದ್ಧಿಯೆಲ್ಲ ಕೇಳುವವರ ಯಂತ್ರದಲ್ಲಿಯೇ ಇದೆ. ಹೀಗಾಗಿ ಪುಟಗಳು ತಂತಿಯ ಮೇಲೆ ಅತ್ತಿಂದಿತ್ತ ಓಡಾಡಬೇಕಾಗುತ್ತದೆ.

ಎಷ್ಟು ಓಡಾಟ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಹತ್ತನೆಯ ಇಯತ್ತೆಯವರು ಹಾಳೆ ತೆಗೆದುಕೊಳ್ಳಲಿ. ಹಳೆಯ ಶಾಲೆಯೊಂದರ ರಜಿಸ್ಟರಿನಲ್ಲಿ 12,000 ಹೆಸರುಗಳಿವೆ, ಒಂದೊಂದು ಸಾಲಿಗೆ 500 ಬೈಟುಗಳ ಜಾಗ ಬೇಕು ಎಂದಿಟ್ಟುಕೊಂಡರೆ ಒಟ್ಟು 60 ಲಕ್ಷ ಬೈಟುಗಳು. ಒಂದು ಬೈಟಿಗೆ ಎಂಟು ಬಿಟ್. ಅಂದರೆ 4 ಕೋಟಿ 80 ಲಕ್ಷ ಬಿಟ್‌ಗಳು. ಹಿಂದಿನ ಕಾಲದ ಹತ್ತು ಮೆಗಾಬಿಟ್ ತಂತಿಯಲ್ಲಿ ಕ್ಷಣಕ್ಕೆ ಒಂದು ಕೋಟಿ ಬಿಟ್ ಸಾಗುತ್ತಿದ್ದವು. ಇಡೀ ರಜಿಸ್ಟರ್ ಒಮ್ಮೆ ಹಾದುಹೋಗಲು ಸುಮಾರು ಐದು ಸೆಕೆಂಡು. ನೂರು ಮೆಗಾಬಿಟ್ ತಂತಿಯಲ್ಲಿ ಅರ್ಧ ಸೆಕೆಂಡು. ಇದೇನು ಹೆಚ್ಚಲ್ಲ ಎನಿಸಬಹುದು. ಆದರೆ ಇದು ಒಬ್ಬರ ಒಂದು ಪ್ರಶ್ನೆಗೆ, ತಂತಿ ಪೂರ್ತಿ ಬಿಡುವಾಗಿದ್ದಾಗಿನ ಮಾತು. ಮೂವರು ಕೇಳುತ್ತಿದ್ದರೆ, ತಂತಿಯ ಬದಲು ಎರಡು ಗೋಡೆ ದಾಟಿ ಬರುವ ವೈ-ಫೈ ಇದ್ದರೆ, ಫೀ ಮತ್ತು ಪರೀಕ್ಷೆಯ ಕೋಷ್ಟಕಗಳೂ ಜೊತೆಗೆ ಬೇಕಾದರೆ, ಕಿಟಕಿಯ ಹೊರಗೆ ನಿಂತವರಿಗೆ ಬೇಸರ ಬರುವುದು ಸಹಜ.

ಇಡೀ ರಜಿಸ್ಟರನ್ನು ಪ್ರತಿ ಸಲ ತರಿಸಲೇಬೇಕೆಂದಿಲ್ಲ. ಅದಕ್ಕೆ ಇಂಡೆಕ್ಸ್ ಎಂಬ ಉಪಾಯವಿದೆ. ಕಿಟೆಲ್ ಅವರು 1894ರಲ್ಲಿ ಪ್ರಕಟಿಸಿದ ಕನ್ನಡ ನಿಘಂಟು ಎಷ್ಟು ದಪ್ಪದ್ದೆಂದು ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಆದರೂ 'ಮಳೆ' ಎಂಬ ಶಬ್ದ ಹುಡುಕಲು ನಾವು ಮೊದಲ ಪುಟದಿಂದ ಓದುವುದಿಲ್ಲ. ಮ-ಕಾರಕ್ಕೆ ಹೋಗಿ ಮೂರು ನಾಲ್ಕು ಪುಟ ತಿರುವಿದರೆ ಸಾಕು. ಇಂಡೆಕ್ಸ್ ಮಾಡುವುದೂ ಅದನ್ನೇ. ಪುಟವೊಂದಕ್ಕೆ 4,096 ಬೈಟುಗಳಂತೆ ಮೂರು ನಾಲ್ಕು ಪುಟ ತರಿಸಿದರೆ ಸುಮಾರು 16 ಸಾವಿರ ಬೈಟುಗಳಲ್ಲಿ ಕೆಲಸ ಮುಗಿಯಿತು. 60 ಲಕ್ಷವೆಲ್ಲಿ, 16 ಸಾವಿರವೆಲ್ಲಿ! ಆದರೆ ಅದೇ ನಿಘಂಟಿನಲ್ಲಿ 'ತನ' ಎಂದು ಕೊನೆಗೊಳ್ಳುವ ಶಬ್ದಗಳನ್ನೆಲ್ಲ ತೆಗೆಯಿರಿ ಎಂದರೆ ಅಕಾರಾದಿ ಕ್ರಮ ಕೈಕೊಡುತ್ತದೆ; ಇಡೀ ಪುಸ್ತಕ ಓದಲೇಬೇಕು. ಹಾಗೆಯೇ ರಜಿಸ್ಟರ್ ಸಂಖ್ಯೆ ಹೇಳಿದರೆ ಕ್ಷಣದಲ್ಲಿ ಸಿಗುವ ಸಾಲು, "ಹೆಸರಿನ ನಡುವೆ ಎಲ್ಲೋ 'ಶೆಟ್ಟಿ' ಅಂತ ಬರ್ತದ್ರಿ, ನೋಡ್ರಿ" ಎಂದರೆ ತಡವಾಗುತ್ತದೆ. ಪಾಲಕರು ಹಳೆಯ ದಾಖಲೆಯ ಮೇಲಿನ ರಜಿಸ್ಟರ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದರೆ ಯಾವ ಹೊಸ ಯಂತ್ರ ಕೊಂಡರೂ ಆಗದಷ್ಟು ಸಮಯ ಉಳಿಯುತ್ತದೆ.

ತಡವಾಗುವುದು ತೊಂದರೆಯಲ್ಲಿ ಸಣ್ಣದು. ದೊಡ್ಡದು ಬೇರೆ ಇದೆ. ಸಿದ್ಧರಾಮ ಎಂಬ ಹುಡುಗನ ಸಾಲನ್ನು ಒಬ್ಬ ಕಾರಕೂನರು ತಮ್ಮ ಯಂತ್ರದಲ್ಲಿ ತೆರೆದು ಜನ್ಮತಾರೀಖು ತಿದ್ದುತ್ತಿದ್ದಾರೆ. ಅದೇ ಹೊತ್ತಿಗೆ ಇನ್ನೊಬ್ಬರು ಅದೇ ಸಾಲನ್ನು ತೆರೆದು ತಾಯಿಯ ಹೆಸರು ಸೇರಿಸುತ್ತಿದ್ದಾರೆ. ಇಬ್ಬರ ಮುಂದೆಯೂ ಇರುವುದು ಹಳೆಯ ಸಾಲಿನ ನಕಲು. ಮೊದಲನೆಯವರು ತಿದ್ದಿ ಉಳಿಸಿದರು. ಬಳಿಕ ಎರಡನೆಯವರು ತಾಯಿಯ ಹೆಸರು ಸೇರಿಸಿ, ತಮ್ಮ ಮುಂದಿದ್ದ ಪೂರ್ತಿ ಸಾಲನ್ನೇ ಉಳಿಸಿದರು. ಆ ಸಾಲಿನಲ್ಲಿ ಜನ್ಮತಾರೀಖು ಹಳೆಯದೇ! ಮೊದಲನೆಯವರ ತಿದ್ದುಪಡಿ ಸದ್ದಿಲ್ಲದೆ ಅಳಿಸಿಹೋಯಿತು. ಇಬ್ಬರದೂ ತಪ್ಪಿಲ್ಲ, ಇಬ್ಬರೂ ಕೆಲಸ ಮಾಡಿದ್ದಾರೆ, ಆದರೂ ಹುಡುಗನಿಗೆ ತಪ್ಪು ತಾರೀಖು ಉಳಿಯಿತು. ಕಾಗದದ ರಜಿಸ್ಟರಿನಲ್ಲಿ ಇದು ಸಾಧ್ಯವೇ ಇರಲಿಲ್ಲ. ಪುಸ್ತಕ ಒಬ್ಬರ ಮೇಜಿನ ಮೇಲಿದ್ದರೆ ಇನ್ನೊಬ್ಬರು ಕಾಯಬೇಕಿತ್ತು.

ಈ ಕಾಯುವಿಕೆಯನ್ನೇ ಯಂತ್ರದೊಳಗೆ ಬೀಗ ಎಂಬ ಹೆಸರಿನಿಂದ ತಂದಿದ್ದಾರೆ. ದಫ್ತರದ ಫೈಲನ್ನು ಯಾರಾದರೂ ತೆರೆದೊಡನೆ ಅದರ ಪಕ್ಕದಲ್ಲಿಯೇ ಇನ್ನೊಂದು ಚಿಕ್ಕ ಫೈಲು ಹುಟ್ಟುತ್ತದೆ. ಯಾವ ಯಾವ ಯಂತ್ರಗಳು ಒಳಗಿವೆ ಎಂಬುದು ಅದರಲ್ಲಿ ಬರೆದಿರುತ್ತದೆ, ಬೀಗಗಳ ವ್ಯವಹಾರವೂ ಅದರ ಮೂಲಕವೇ ನಡೆಯುತ್ತದೆ. ಕೊನೆಯವರು ಹೊರಬಂದಾಗ ಅದು ತಾನಾಗಿ ಅಳಿದುಹೋಗುತ್ತದೆ. ಬೀಗ ಹಾಕುವುದರಲ್ಲಿ ಎರಡು ಪದ್ಧತಿ. ತಿದ್ದಲು ಆರಂಭಿಸಿದಾಗಲೇ ಬೀಗ ಹಾಕಿದರೆ ಸಾಲು ಸುರಕ್ಷಿತ. ಆದರೆ ಅರ್ಧ ತಿದ್ದಿದ ಸಾಲನ್ನು ಹಾಗೆಯೇ ಬಿಟ್ಟು ಕಾರಕೂನರು ಚಹಕ್ಕೆ ಹೋದರೆ ಅವರು ಬರುವವರೆಗೆ ಆ ಹುಡುಗನ ಕೆಲಸ ನಿಂತಿತು. ಉಳಿಸುವ ಕ್ಷಣದಲ್ಲಿ ಮಾತ್ರ ಬೀಗ ಹಾಕಿದರೆ ಯಾರೂ ಕಾಯಬೇಕಾಗಿಲ್ಲ. ಆದರೆ ನಡುವೆ ಬೇರೆಯವರು ತಿದ್ದಿದ್ದರೆ ಯಂತ್ರ ಎಚ್ಚರಿಕೆ ಕೊಟ್ಟು, ನಿಮ್ಮದನ್ನು ಉಳಿಸಲೇ, ಬಿಡಲೇ ಎಂದು ಕೇಳುತ್ತದೆ. ಸಾಲಿನಲ್ಲಿ ಮೂವತ್ತು ಜನ ನಿಂತಿರುವಾಗ ಆ ಪ್ರಶ್ನೆಯನ್ನು ಪೂರ್ತಿ ಓದುವ ತಾಳ್ಮೆ ಎಷ್ಟು ಜನರಿಗೆ ಇದ್ದೀತು? ನಮ್ಮ ಅಭಿಪ್ರಾಯದಲ್ಲಿ ಶಾಲೆಯ ರಜಿಸ್ಟರಿಗೆ ಮೊದಲನೆಯ ಪದ್ಧತಿಯೇ ಮೇಲು. ಚಹ ಕಾದೀತು.

ಇನ್ನೂ ಒಂದು ಅಪಾಯ ಉಂಟು. ನಮ್ಮ ಭಾಗದವರಿಗೆ ಅದು ಹೆಚ್ಚು ಹತ್ತಿರದ್ದು. ಹೊಸ ಹೆಸರೊಂದನ್ನು ದಾಖಲಿಸಿದಾಗ ಫೈಲಿನಲ್ಲಿ ಒಂದೇ ಕಡೆ ಬರೆದರೆ ಸಾಲದು. ಕೋಷ್ಟಕದಲ್ಲಿ ಸಾಲು ಬರೆಯಬೇಕು, ಸಂಖ್ಯೆಯ ಇಂಡೆಕ್ಸಿನಲ್ಲಿ ಬರೆಯಬೇಕು, ಹೆಸರಿನ ಇಂಡೆಕ್ಸಿನಲ್ಲಿ ಬರೆಯಬೇಕು, ಯಾವ ಪುಟ ತುಂಬಿತು ಯಾವುದು ಖಾಲಿ ಎಂಬ ಲೆಕ್ಕವನ್ನೂ ತಿದ್ದಬೇಕು. ಇವೆಲ್ಲ ಒಂದಾದ ಮೇಲೊಂದು ತಂತಿಯ ಮೇಲೆ ಹೋಗುತ್ತವೆ. ಎರಡು ಬರೆದು ಎರಡು ಉಳಿದಿರುವಾಗ ಮಳೆಗಾಲದ ಮೊದಲ ಗಾಳಿಗೆ ಕರೆಂಟು ಹೋದರೆ? ಕಸ ಗುಡಿಸುವಾಗ ತಂತಿ ಕಿತ್ತುಬಂದರೆ? ವೈ-ಫೈ ಅರೆಕ್ಷಣ ಕಣ್ಣು ಮುಚ್ಚಿದರೆ? ಇಂಡೆಕ್ಸ್ ಒಂದು ಹೇಳುತ್ತದೆ, ಕೋಷ್ಟಕ ಇನ್ನೊಂದು ಹೇಳುತ್ತದೆ. ಮರುದಿನ ಫೈಲು ತೆರೆಯುವುದೇ ಇಲ್ಲ; ಅಥವಾ ತೆರೆದರೂ ಒಂದು ಸಾಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ. ಕೆಟ್ಟದ್ದು ಒಬ್ಬರ ಯಂತ್ರದ ತಂತಿ. ಹಾಳಾದದ್ದು ಎಲ್ಲರ ದಫ್ತರ.

ಸೊಲ್ಲಾಪುರದ ಅಡತಿ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಕ್ರಮ ಗೊತ್ತಿರುವವರಿಗೆ ಇದರ ಪರಿಹಾರವೂ ಸುಲಭವಾಗಿ ತಿಳಿದೀತು. ದಿನದ ವ್ಯವಹಾರವನ್ನು ನಡೆದ ಹಾಗೆಯೇ ಮೊದಲು ಕಿರ್ದಿಯಲ್ಲಿ ಬರೆಯುತ್ತಾರೆ. ಆಮೇಲೆ ಬಿಡುವಾದಾಗ ಅದನ್ನು ಖತಾವಣಿಗೆ, ಅಂದರೆ ಅವರವರ ಖಾತೆಗೆ ಹಾಕುತ್ತಾರೆ. ಖಾತೆಗೆ ಹಾಕುವಾಗ ನಡುವೆ ಎದ್ದು ಹೋದರೂ ಚಿಂತೆಯಿಲ್ಲ. ಕಿರ್ದಿ ನೋಡಿ ಎಲ್ಲಿ ಬಿಟ್ಟಿದ್ದೇವೆಂದು ತಿಳಿದು ಮುಂದುವರಿಸಬಹುದು. ದೊಡ್ಡ ಡೇಟಾಬೇಸುಗಳು ಮಾಡುವುದು ಇದನ್ನೇ. ಮೊದಲು ಏನು ಮಾಡಲಿದ್ದೇವೆಂಬುದನ್ನು ಒಂದು ಕಿರ್ದಿಯಲ್ಲಿ ಬರೆದು ಭದ್ರಪಡಿಸಿ, ಆಮೇಲೆ ಕೋಷ್ಟಕ ಮುಟ್ಟುತ್ತವೆ. ಕರೆಂಟು ಹೋಗಿ ಬಂದರೆ ಕಿರ್ದಿಯನ್ನು ಓದಿ, ಅರ್ಧವಾದದ್ದನ್ನು ಪೂರ್ತಿ ಮಾಡುತ್ತವೆ ಇಲ್ಲವೆ ಪೂರ್ತಿ ಅಳಿಸುತ್ತವೆ. ಆದರೆ ಇದಕ್ಕೆ ಕಿರ್ದಿ ಬರೆಯುವ ಕೈ ಒಂದೇ ಇರಬೇಕು. ಮೇಜಿನ ಮೇಲಿನ ಚಿಕ್ಕ ಡೇಟಾಬೇಸಿನಲ್ಲಿ ಎಲ್ಲರೂ ನೇರವಾಗಿ ಖತಾವಣಿಗೇ ಕೈ ಹಾಕುತ್ತಾರೆ. ಪೂರ್ಣ ಪ್ರಮಾಣದ ಕಿರ್ದಿ ಅಲ್ಲಿಲ್ಲ.

ರೈಲ್ವೆಯ ಟಿಕೆಟ್ ಕಿಟಕಿಯನ್ನು ನೋಡಿರಿ. ಸೊಲ್ಲಾಪುರ ಸ್ಟೇಷನ್ನಿನಲ್ಲಿ ಒಬ್ಬರು, ಮುಂಬಯಿಯಲ್ಲಿ ಒಬ್ಬರು ಒಂದೇ ಗಾಡಿಯ ಒಂದೇ ಬರ್ತನ್ನು ಒಂದೇ ಕ್ಷಣದಲ್ಲಿ ಕೇಳಿದರೂ ಅದು ಇಬ್ಬರಿಗೆ ಸಿಗುವುದಿಲ್ಲ. ಕಿಟಕಿಯ ಯಂತ್ರ ಪುಸ್ತಕವನ್ನು ಮುಟ್ಟುವುದೇ ಇಲ್ಲ. "ಇಂಥ ಬರ್ತು ಬೇಕು" ಎಂದು ಕೇಂದ್ರಕ್ಕೆ ಅರ್ಜಿ ಕಳಿಸುತ್ತದೆ, ಅಷ್ಟೇ. ಪುಸ್ತಕ ನೋಡುವ, ಬರೆಯುವ ಕೆಲಸ ಕೇಂದ್ರದ ಯಂತ್ರದ್ದು. 1985ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಪದ್ಧತಿ ಮುಂದೆ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಎಂಬ ಐದು ಕೇಂದ್ರಗಳಲ್ಲಿ ನಡೆದು, 1999ರಲ್ಲಿ ಅವೆಲ್ಲ ಒಂದಕ್ಕೊಂದು ಜೋಡಿಸಲ್ಪಟ್ಟವು. ಕಪಾಟು ಮತ್ತು ಕಾರಕೂನ ಇವರಲ್ಲಿರುವಷ್ಟೇ ವ್ಯತ್ಯಾಸ ಈ ಎರಡು ಪದ್ಧತಿಗಳಲ್ಲಿ ಇದೆ. ಕಪಾಟಿಗೆ ಯಾರು ಬೇಕಾದರೂ ಕೈ ಹಾಕಬಹುದು. ಕಾರಕೂನನಿಗೆ ಅರ್ಜಿ ಕೊಡಬೇಕು. ಕೇಳಿದ ಒಂದು ಸಾಲು ಮಾತ್ರ ತಂತಿಯ ಮೇಲೆ ಬರುವುದರಿಂದ ಓಡಾಟವೂ ಕಡಿಮೆ.

ಹಾಗಾದರೆ ಶಾಲೆಗಳೂ ಅದನ್ನೇ ಏಕೆ ಮಾಡಬಾರದು? ಮಾಡಬಹುದು. ಪೋಸ್ಟ್‌ಗ್ರೆಸ್, ಮರಿಯಾಡಿಬಿ ಎಂಬ ಅಂಥ ತಂತ್ರಾಂಶಗಳು ಹಣವಿಲ್ಲದೆ ಸಿಗುತ್ತವೆ. ಆಕ್ಸೆಸ್‌ನಲ್ಲಿ ಮಾಡಿದ ನಮೂನೆಗಳನ್ನು ಉಳಿಸಿಕೊಂಡು ಕೋಷ್ಟಕಗಳನ್ನು ಮಾತ್ರ ಅವುಗಳಿಗೆ ಒಪ್ಪಿಸುವುದಕ್ಕೂ ದಾರಿ ಇದೆ. ಆದರೆ ನೋಡಿಕೊಳ್ಳುವ ಮನುಷ್ಯ ಬೇಕು. ಅಂಥವರು ಸಿಗದ ಕಡೆ ಚಿಕ್ಕ ಡೇಟಾಬೇಸೇ ವಾಸಿ, ಅದರ ಮಿತಿ ತಿಳಿದಿದ್ದರೆ. ಆಕ್ಸೆಸ್‌ನ ಒಂದು ಫೈಲು 2 ಗಿಗಾಬೈಟಿಗಿಂತ ಬೆಳೆಯಲಾರದು. 255 ಜನ ಏಕಕಾಲಕ್ಕೆ ತೆರೆಯಬಹುದೆಂದು ಪುಸ್ತಕದಲ್ಲಿ ಬರೆದಿದೆ. ಪುಸ್ತಕದ ಬದನೆಕಾಯಿ ಅದು. ಐದಾರು ಜನರಿಗೆ ಅದು ತಕ್ಕದ್ದು. ನಮ್ಮೆಲ್ಲರ ಮೊಬೈಲುಗಳ ಒಳಗೆ ಕೆಲಸ ಮಾಡುವ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸಿನ ತಯಾರಕರಂತೂ, ಹಲವು ಯಂತ್ರಗಳು ಜಾಲದ ಮೂಲಕ ಬರೆಯಬೇಕಾದಲ್ಲಿ ಬೇರೆ ಪದ್ಧತಿ ಹಿಡಿಯಿರಿ ಎಂದು ತಾವೇ ಸಲಹೆ ಕೊಟ್ಟಿದ್ದಾರೆ. ಪ್ರಾಮಾಣಿಕ ಮಾತು.

ಚಿಕ್ಕದನ್ನೇ ಬಳಸುವವರು ಮೊದಲು ಅದನ್ನು ಎರಡು ಭಾಗ ಮಾಡಬೇಕು. ಕೋಷ್ಟಕಗಳು ಮಾತ್ರ ಒಂದು ಫೈಲಿನಲ್ಲಿ, ಹಂಚಿದ ಜಾಗದಲ್ಲಿ ಇರಲಿ. ತೆರೆಯ ಮೇಲೆ ಕಾಣುವ ನಮೂನೆಗಳು, ದಾಖಲೆಯ ಅಚ್ಚು ಇತ್ಯಾದಿಗಳ ಫೈಲು ಪ್ರತಿ ಯಂತ್ರದಲ್ಲಿಯೂ ಅದರದೇ ನಕಲಾಗಿ ಇರಲಿ. ಓಡಾಟ ಕಡಿಮೆಯಾಗುತ್ತದೆ, ಒಬ್ಬರ ನಮೂನೆ ಕೆಟ್ಟರೆ ಇನ್ನೊಬ್ಬರ ಕೆಲಸ ನಿಲ್ಲುವುದಿಲ್ಲ. ವೈ-ಫೈ ಬೇಡ, ತಂತಿಯೇ ಇರಲಿ. ಕರೆಂಟು ಹೋದರೂ ಹತ್ತು ನಿಮಿಷ ನಡೆಸುವ ಬ್ಯಾಟರಿಯ ಯು.ಪಿ.ಎಸ್. ಯಂತ್ರಗಳಿಗಷ್ಟೇ ಅಲ್ಲ, ಆ ಚಿಕ್ಕ ಸ್ವಿಚ್ ಪೆಟ್ಟಿಗೆಗೂ ಬೇಕು. ಇದನ್ನು ಮರೆಯುವವರೇ ಹೆಚ್ಚು. ದಫ್ತರದ ಫೈಲನ್ನು ಅಂತರ್ಜಾಲಕ್ಕೆ ತಾನಾಗಿ ನಕಲು ಹೋಗುವ ಫೋಲ್ಡರಿನಲ್ಲಿ ಇಟ್ಟು ಎಲ್ಲರೂ ಬಳಸಬಾರದು. ಬೀಗದ ಫೈಲಿಗೆ ಅಲ್ಲಿ ಬೆಲೆಯಿಲ್ಲ, ಒಂದು ರಜಿಸ್ಟರ್ ಎರಡಾಗಿ ಕುಳಿತುಕೊಳ್ಳುತ್ತದೆ. ಸಂಜೆ ಎಲ್ಲರೂ ಹೊರಬಂದ ಮೇಲೆ, ಆ ಬೀಗದ ಫೈಲು ಅಳಿದದ್ದನ್ನು ನೋಡಿಕೊಂಡು ನಕಲು ತೆಗೆಯಬೇಕು. ಒಂದು ನಕಲಲ್ಲ, ವಾರದ ಒಂದೊಂದು ದಿನಕ್ಕೆ ಒಂದೊಂದು. ಸೋಮವಾರ ಕೆಟ್ಟದ್ದು ಗುರುವಾರ ಗೊತ್ತಾಗುವುದುಂಟು. ಮತ್ತು ಕಪಾಟಿಗೆ ಕೈ ಹಾಕಬಲ್ಲವರು ಇಡೀ ಕಪಾಟನ್ನೇ ಪೆನ್‌ಡ್ರೈವಿನಲ್ಲಿ ಒಯ್ಯಬಲ್ಲರು ಎಂಬುದನ್ನು ಆಡಳಿತ ಮಂಡಳಿಯವರು ಗಮನಿಸಬೇಕು. ಅದರಲ್ಲಿ ಮಕ್ಕಳ ಹೆಸರು, ವಿಳಾಸ, ಜಾತಿ, ಜನ್ಮತಾರೀಖು ಎಲ್ಲವೂ ಇವೆ.

ಕೊನೆಗೆ ನಮ್ಮ ಸ್ವಂತ ವಿಷಯಕ್ಕೆ ಬರುತ್ತೇವೆ. ಗಡಿನಾಡಿನ ಕನ್ನಡ ಶಾಲೆಯ ದಫ್ತರದಲ್ಲಿ ಹೆಸರು ಮೂರು ವೇಷ ಹಾಕುತ್ತದೆ: ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಸೊನ್ನಲಿಗೆಯ ಸಿದ್ಧರಾಮನ ಹೆಸರನ್ನೇ ತೆಗೆದುಕೊಳ್ಳಿರಿ. ನಮ್ಮ ಊರುಗಳಲ್ಲಿ ಆ ಹೆಸರಿನ ಹುಡುಗರು ಲೆಕ್ಕವಿಲ್ಲದಷ್ಟು. ಒಬ್ಬನು ಸಿದ್ಧರಾಮ, ಒಬ್ಬನು ಸಿದ್ದರಾಮ, ಮತ್ತೊಬ್ಬನು ಸಿದ್ರಾಮ. ಹಿಂದಿನ ಕಾರಕೂನರು ಹೆಸರು ಬಾಯಲ್ಲಿ ಹೇಳಿಕೊಂಡು ಹುಡುಕುತ್ತಿದ್ದರು, ಒತ್ತಕ್ಷರದ ವ್ಯತ್ಯಾಸ ಅಡ್ಡಿಯಾಗುತ್ತಿರಲಿಲ್ಲ. ಯಂತ್ರಕ್ಕೆ ಇವರು ಮೂವರು ಬೇರೆ ಬೇರೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಹಳೆಯ ಕನ್ನಡ ಫಾಂಟುಗಳಲ್ಲಿ ಅಕ್ಷರ ಕನ್ನಡವಾಗಿ ಕಂಡರೂ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಚಿಹ್ನೆಗಳ ಸಂಕೇತ. ಪ್ರಪಂಚದ ಲಿಪಿಗಳಿಗೆಲ್ಲ ಒಂದೇ ಕ್ರಮದಲ್ಲಿ ಸಂಖ್ಯೆ ಕೊಟ್ಟ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಒಂದು ಯಂತ್ರದಲ್ಲಿ ಹಳೆಯ ಫಾಂಟು, ಇನ್ನೊಂದರಲ್ಲಿ ಯೂನಿಕೋಡ್ ಬಳಸಿ ಒಂದೇ ದಫ್ತರದಲ್ಲಿ ಬರೆದರೆ, ಒಬ್ಬರು ಬರೆದದ್ದು ಇನ್ನೊಬ್ಬರ ಹುಡುಕಾಟಕ್ಕೆ ಸಿಗುವುದಿಲ್ಲ. ಯೂನಿಕೋಡಿನ ಒಳಗೂ 'ಸೊಲ್ಲಾಪುರ'ದ 'ಸೊ' ಎಂಬುದನ್ನು ಎರಡು ಬಗೆಯಲ್ಲಿ ಇಡಲು ಬರುತ್ತದೆ: ಸ-ಕಾರಕ್ಕೆ ಒ-ಕಾರದ ಒಂದೇ ಚಿಹ್ನೆ ಹಚ್ಚಿ, ಅಥವಾ ಎ-ಕಾರದ ಚಿಹ್ನೆ ಮತ್ತು ಊ-ಕಾರದ ಚಿಹ್ನೆ ಎರಡನ್ನೂ ಹಚ್ಚಿ. ಕಣ್ಣಿಗೆ ಎರಡೂ ಒಂದೇ. ಕೆಲವು ತಂತ್ರಾಂಶಗಳಿಗೆ ಎರಡು ಬೇರೆ ಊರುಗಳು. ಆದುದರಿಂದ ಒಂದು ಕಚೇರಿಯ ಎಲ್ಲ ಯಂತ್ರಗಳಲ್ಲಿಯೂ ಕನ್ನಡದ ಕೀಲಿಮಣೆ ಒಂದೇ ಇರಬೇಕು. ಊರು, ತಾಲೂಕು, ಜಿಲ್ಲೆಗಳನ್ನು ಪ್ರತಿ ಸಲ ಬೆರಳಿನಿಂದ ಒತ್ತುವುದಕ್ಕಿಂತ ಸಿದ್ಧಪಟ್ಟಿಯಿಂದ ಆರಿಸುವಂತೆ ಮಾಡಿದರೆ ಒಳ್ಳೆಯದು.

ಹೆಸರನ್ನು ಮಾತ್ರ ಪಟ್ಟಿಯಿಂದ ಆರಿಸಲು ಬರುವುದಿಲ್ಲ. ಅದು ಆ ಮಗುವಿನದು. ಪ್ರವೇಶದ ದಿನ ತಂದೆಯೋ ತಾಯಿಯೋ ಜನ್ಮದ ದಾಖಲೆಯನ್ನು ಕೈಯಲ್ಲಿ ಹಿಡಿದು, ತೆರೆಯ ಮೇಲಿನ ಸಾಲನ್ನು ಮೂರೂ ಲಿಪಿಗಳಲ್ಲಿ ಓದಬೇಕು. ಓದು ಬಾರದವರಿಗೆ ಮಗುವೇ ಓದಿ ಹೇಳಬೇಕು. ಆ ಸಾಲಿನ ಅಚ್ಚುಪ್ರತಿಯ ಮೇಲೆ ಸಹಿ ಇಲ್ಲವೆ ಹೆಬ್ಬೆಟ್ಟು ಪಡೆದು, ಕಾಗದದ ರಜಿಸ್ಟರಿನ ಜೊತೆಗೆ ಕಬ್ಬಿಣದ ಕಪಾಟಿನಲ್ಲಿ ಇಡಬೇಕು. ಇದಕ್ಕೆ ಹಿಡಿಯುವ ಸಮಯ ಐದು ನಿಮಿಷ. ಸಾಲು ಇನ್ನಷ್ಟು ಉದ್ದವಾದೀತು, ಆಗಲಿ.